ಗುಡುಗು ಮಳೆಯ ಆಯುಸ್ಸು

ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ ಸಂಜೆ ಮೀಡಿಯಂ ವೇವ್ ರೇಡಿಯೋ ಹಾಕಿದರೆ ಹಾಡಿನ ನಡುವೆ ಕರಕರ ಸದ್ದು ಬರುವುದುಂಟು. ದೂರದಲ್ಲೆಲ್ಲೋ ಮಿಂಚುತ್ತಿದೆಯೆಂದು ಅದರ ಅರ್ಥ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂಥ ಬಯಲುಸೀಮೆಯ ಊರಿನಲ್ಲಿ ಆಗ ಹೊಲದಲ್ಲಿರುವವರ ಪ್ರಶ್ನೆ ಒಂದೇ: ಈ ಮಳೆ ಎಷ್ಟು ಹೊತ್ತು ಇದ್ದೀತು?

ಇದಕ್ಕೆ ಉತ್ತರ ಹುಡುಕುವ ಯಂತ್ರವೂ ರೇಡಿಯೋವಿನ ಬಂಧುವೇ. ರೇಡಾರ್ ಎಂಬುದು ರೇಡಿಯೋ ಅಲೆಗಳನ್ನು ಬಿಟ್ಟು ಬಿಟ್ಟು ಆಕಾಶಕ್ಕೆ ಕಳುಹಿಸಿ, ಮಳೆಹನಿ ಆಲಿಕಲ್ಲುಗಳಿಗೆ ತಾಗಿ ಹಿಂದಿರುಗಿದ ಅಲ್ಪಾಂಶವನ್ನು ಹಿಡಿಯುತ್ತದೆ. ಹೋಗಿ ಬಂದ ಹೊತ್ತಿನಿಂದ ಮಳೆಯ ದೂರವೂ, ಮರುದನಿಯ ಬಲದಿಂದ ಅದರ ಜೋರೂ ತಿಳಿಯುತ್ತವೆ.

1946–47ರಲ್ಲಿ ಅಮೆರಿಕದ ಫ್ಲಾರಿಡಾ, ಒಹಾಯೊಗಳಲ್ಲಿ ವಿಮಾನ, ರೇಡಾರುಗಳ ನೆರವಿನಿಂದ ಗುಡುಗು ಮೋಡಗಳನ್ನು ಶೋಧಿಸಲಾಯಿತು. ಬೈಯರ್ಸ್ ಮತ್ತು ಬ್ರಹಾಮ್ ಎಂಬ ವಿಜ್ಞಾನಿಗಳು ಮೋಡಕ್ಕೂ ಬಾಲ್ಯ, ಯೌವನ, ಮುಪ್ಪು ಉಂಟೆಂದು ತೋರಿಸಿದರು. ಬಾಲ್ಯದಲ್ಲಿ ಬಿಸಿಗಾಳಿ ಮೇಲೇರುವುದಷ್ಟೆ. ಯೌವನದಲ್ಲಿ ಸುರಿಯುವ ಮಳೆ ತಣ್ಣನೆಯ ಗಾಳಿಯನ್ನು ಕೆಳಕ್ಕೆ ಎಳೆತರುತ್ತದೆ. ಆ ಗಾಳಿ ನೆಲದ ಮೇಲೆ ಹರಡಿ, ಮೋಡಕ್ಕೆ ಉಣಿಸುತ್ತಿದ್ದ ಬಿಸಿಗಾಳಿಯ ದಾರಿಯನ್ನೇ ಮುಚ್ಚುತ್ತದೆ. ತಾನು ಸುರಿಸಿದ ಮಳೆಯೇ ತನಗೆ ಮುಳುವು! ಆದ್ದರಿಂದಲೇ ಒಂಟಿ ಮೋಡದ ಬಾಳು ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ.

ರೇಡಾರಿನಲ್ಲಿ ನೋಡುವುದು ಈ ವಯಸ್ಸನ್ನೇ. ಕೆಲವು ನಿಮಿಷಗಳಿಗೊಮ್ಮೆ ದೊರೆಯುವ ಚಿತ್ರಗಳಲ್ಲಿ ಬಲವಾದ ಮರುದನಿ ಮೇಲಕ್ಕೇರುತ್ತಿದ್ದರೆ ಅದು ಬೆಳೆಯುವ ಮೋಡ. ಕೆಳಗಿಳಿದು ಮಸುಕಾದರೆ ಮುಪ್ಪು. ಆದರೆ ಹೊರಚೆಲ್ಲಿದ ತಂಪುಗಾಳಿ ಪಕ್ಕದ ಬಿಸಿಗಾಳಿಯನ್ನು ಎತ್ತಿ ಹೊಸ ಮೋಡವನ್ನು ಹುಟ್ಟಿಸಿತೋ, ಲೆಕ್ಕ ತಪ್ಪಿತು. ಒಂದರ ಬೆನ್ನಿಗೊಂದು ಹುಟ್ಟಿ ಮಳೆ ಗಂಟೆಗಟ್ಟಲೆ ಸಾಗುತ್ತದೆ. ಇರುವ ಮೋಡ ಎತ್ತ ಹೋದೀತೆಂದು ಹೇಳಬಹುದು. ಹುಟ್ಟದ ಮೋಡಕ್ಕೆ ಜಾತಕ ಬರೆಯುವುದು ಹೇಗೆ? ಈ ಬಗೆಯ ಮುನ್ಸೂಚನೆಯನ್ನು ಒಂದೆರಡು ಗಂಟೆಯ ಮಟ್ಟಿಗೆ ಮಾತ್ರ ನಂಬಬೇಕು.

ದೂರವೂ ಒಂದು ತೊಡಕು. ಚೆನ್ನೈಯಲ್ಲಿ 2002ರಲ್ಲಿ ಡಾಪ್ಲರ್ ರೇಡಾರ್ ಸ್ಥಾಪನೆಯಾಯಿತು. ಅಲ್ಲಿಂದ ಹರಿಯಬ್ಬೆಗೆ ನೇರ ದೂರ ಸುಮಾರು 390 ಕಿಲೋಮೀಟರು. ಭೂಮಿ ದುಂಡಗಿರುವುದರಿಂದ, ಅಲ್ಲಿ ನೆಲಕ್ಕೆ ಸಮನಾಗಿ ಹೊರಟ ಕಿರಣ ಇಲ್ಲಿಗೆ ಬರುವಾಗ ಎಂಟು ಕಿಲೋಮೀಟರಿಗೂ ಮೇಲಿರುತ್ತದೆ. ಮೋಡದ ತಲೆ ಕಂಡೀತು, ಕಾಲು ಕಾಣದು. ವಯಸ್ಸು ಗುಣಿಸಲು ಹತ್ತಿರದ ರೇಡಾರೇ ಬೇಕು.

ಮಳೆ ನಿಂತಿತೆಂದು ಕೂಡಲೇ ಹೊಲಕ್ಕಿಳಿಯುವವರು ಒಂದು ಸಂಗತಿಯನ್ನು ಗಮನಿಸಬೇಕು. ಮುಪ್ಪಿನ ಮೋಡದಲ್ಲೂ ವಿದ್ಯುತ್ತು ಉಳಿದಿರುತ್ತದೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮರದಡಿಯಲ್ಲಾಗಲಿ ಬಯಲಿನಲ್ಲಾಗಲಿ ನಿಲ್ಲದೆ, ಗಟ್ಟಿ ಮನೆಯೊಳಗಿರುವುದು ಕ್ಷೇಮ.