ತೊಪ್ಪೂರು ಘಾಟಿ ಇಳಿಯುವಾಗ ನ್ಯೂಟ್ರಲ್ ಬೇಡ: ಗೇರ್ ಕಾರಿನವರು ತಿಳಿದಿರಬೇಕಾದ ವಿಷಯ

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟಿ ಸೇಲಂ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 44 ನಮ್ಮವರಿಗೆ ಹೊಸದಲ್ಲ. ಏರ್ವಾಡಿ, ನಾಗೂರು ಝಿಯಾರತ್‌ಗೆ ಮನೆಮಂದಿಯನ್ನೆಲ್ಲ ಕರ್ಕೊಂಡು ಹೋಗುವವರು, ಸೇಲಂನಿಂದ ಸಾಬಕ್ಕಿ ತರುವ ವ್ಯಾಪಾರಿಗಳು, ವಾರದ ಕೊನೆಗೆ ಯೇರ್ಕಾಡಿಗೆ ಹೊರಡುವ ಹುಡುಗರು ಎಲ್ಲರಿಗೂ ಇದೇ ದಾರಿ. ಚತುಷ್ಪಥ ರಸ್ತೆ, ಎದುರಿನಿಂದ ವಾಹನ ಬರುವ ಭಯವಿಲ್ಲ, ನೂರರ ಸ್ಪೀಡಲ್ಲಿ ಆರಾಮವಾಗಿ ಹೋಗ್ತಾ ಇರುತ್ತಾರೆ. ಧರ್ಮಪುರಿ ಕಳೆದು ಪಾಳಯಂ ಟೋಲ್ ದಾಟಿದ ಮೇಲೆ ತೊಪ್ಪೂರು ಘಾಟಿ ಶುರುವಾಗುತ್ತದೆ.

ಶಿರಾಡಿ, ಚಾರ್ಮಾಡಿ ನೋಡಿದವರ ಕಣ್ಣಿಗೆ ತೊಪ್ಪೂರು ಘಾಟಿಯೇ ಅಲ್ಲ. ಹೇರ್‌ಪಿನ್ ತಿರುವುಗಳಿಲ್ಲ, ರಸ್ತೆ ಅಗಲವಾಗಿದೆ. ಅಪಾಯ ಇರುವುದೂ ಅಲ್ಲೇ. ಚಾರ್ಮಾಡಿಯಲ್ಲಿ ತಿರುವು ನೋಡಿ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಇಲ್ಲಿ ಸೇಲಂ ಕಡೆಗೆ ಉದ್ದಕ್ಕೆ ಇಳಿಜಾರು, ನಡುನಡುವೆ ಬಾಗು, ಕಾರು ಎಷ್ಟು ಸ್ಪೀಡ್ ಹಿಡಿಯಿತು ಅಂತ ಗೊತ್ತೇ ಆಗುವುದಿಲ್ಲ. 2020ರ ಡಿಸೆಂಬರ್ 12ರಂದು ಸಿಮೆಂಟ್ ಹೇರಿದ್ದ ಲಾರಿಯೊಂದು ಇಲ್ಲಿ ನಿಯಂತ್ರಣ ತಪ್ಪಿ, ಮುಂದಿದ್ದ ಹತ್ತಕ್ಕೂ ಹೆಚ್ಚು ವಾಹನಗಳಿಗೆ ಗುದ್ದಿ ನಾಲ್ವರು ಸತ್ತರು. 2024ರ ಜನವರಿ 24ರಂದು ಮತ್ತೆ ಲಾರಿಗಳ ನಡುವೆ ಕಾರು ಸಿಕ್ಕಿಹಾಕಿಕೊಂಡು, ಬೆಂಕಿ ಹೊತ್ತಿ, ನಾಲ್ವರ ಜೀವ ಹೋಯಿತು. ಆ ಸಿಸಿಟಿವಿ ದೃಶ್ಯ ಅನೇಕರ ಮೊಬೈಲಿಗೆ ಬಂದಿತ್ತು.

ಲಾರಿಯವರ ಒಂದು ಹಳೆಯ ಅಭ್ಯಾಸ ಇಂಥ ಕಡೆ ಮತ್ತೆ ಮತ್ತೆ ಚರ್ಚೆಗೆ ಬರುತ್ತದೆ: ಇಳಿಕೆ ಬಂದ ಕೂಡಲೇ ನ್ಯೂಟ್ರಲ್ ಹಾಕುವುದು, ಕೆಲವರು ಎಂಜಿನನ್ನೇ ಆಫ್ ಮಾಡುವುದು. ಡೀಸೆಲ್ ಉಳಿಯುತ್ತದೆ ಅನ್ನುವ ಲೆಕ್ಕ. ಲಾರಿಯವರನ್ನು ಬೈದು ಸುಮ್ಮನಾಗುವ ಹಾಗಿಲ್ಲ, ಇದೇ ಲೆಕ್ಕ ಹಾಕುವ ಕಾರಿನವರು, ಪಿಕಪ್‌ನವರು ನಮ್ಮಲ್ಲೂ ಇದ್ದಾರೆ. ದೊಡ್ಡವರಿಂದ ಕಲಿತದ್ದು, ಗೆಳೆಯರಿಗೆ ಹೇಳಿಕೊಟ್ಟದ್ದು.

ವ್ಯಾಪಾರಸ್ಥರಿಗೆ ಮೊದಲು ದುಡ್ಡಿನ ಮಾತೇ ಆಗಲಿ. ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಈ ಲೆಕ್ಕಕ್ಕೆ ಏನೋ ಅರ್ಥ ಇತ್ತು. ಈಗಿನ ಕಾರುಗಳಲ್ಲಿ ಇಂಧನ ಬಿಡುವುದು ಕಂಪ್ಯೂಟರ್. ಗೇರಿನಲ್ಲೇ ಇದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ, ಅದನ್ನು ತಿಳಿದು ಕಂಪ್ಯೂಟರ್ ಇಂಧನವನ್ನು ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ತನ್ನಷ್ಟಕ್ಕೆ ಓಡಬೇಕು, ಅದಕ್ಕೆ ಇಂಧನ ಬೇಕೇ ಬೇಕು. ಅಂದರೆ ನ್ಯೂಟ್ರಲ್‌ನಲ್ಲಿ ಇಳಿಯುವವನು ಉಳಿತಾಯ ಮಾಡುತ್ತಿಲ್ಲ, ಖರ್ಚು ಮಾಡುತ್ತಿದ್ದಾನೆ.

ಇನ್ನು ಜೀವದ ಮಾತು. ಗೇರ್ ತಪ್ಪಿಸಿದ ಕೂಡಲೇ ಕಾರನ್ನು ಹಿಡಿದಿಡುವ ಎಂಜಿನ್ನಿನ ತಡೆ ಹೋಯಿತು. ಪೂರ್ತಿ ಭಾರ ಬ್ರೇಕಿನ ಮೇಲೆ. ಬ್ರೇಕ್ ಅಂದರೆ ಉಜ್ಜಾಟ, ಉಜ್ಜಿದರೆ ಬಿಸಿ. ಕಿಲೋಮೀಟರ್‌ಗಟ್ಟಲೆ ಒತ್ತಿಕೊಂಡೇ ಇಳಿದರೆ ಪ್ಯಾಡ್ ಸುಟ್ಟ ವಾಸನೆ ಬರುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಆಯಿಲ್ ಹಳತಾಗಿ ನೀರಿನಂಶ ಹೀರಿಕೊಂಡಿದ್ದರೆ ಆ ಬಿಸಿಗೆ ಕುದಿದು ಆವಿಯ ಗುಳ್ಳೆಗಳಾಗುತ್ತವೆ. ಆಗ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎಂಜಿನ್ ಆಫ್ ಮಾಡಿದವನ ಕತೆ ಇನ್ನೂ ಕಷ್ಟ. ಬ್ರೇಕ್ ಹಗುರ ಮಾಡುವ ಬೂಸ್ಟರ್‌ಗೆ ಎಂಜಿನ್ ಓಡುತ್ತಿರಬೇಕು. ಆಫ್ ಆದ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಪವರ್ ಸ್ಟೀರಿಂಗ್ ಕೂಡ ಭಾರ. ಕೀ ಹೊರಗೆ ಎಳೆದರೆ ಸ್ಟೀರಿಂಗ್ ಲಾಕ್ ಆಗುವ ಅಪಾಯವೂ ಇದೆ.

ಹಾಗಾದರೆ ಇಳಿಯುವುದು ಹೇಗೆ? ಹಳೆಯ ಡ್ರೈವರ್‌ಗಳು ಹೇಳುವ ಲೆಕ್ಕ ಈಗಲೂ ಸರಿ: ಯಾವ ಗೇರಿನಲ್ಲಿ ಆ ರಸ್ತೆ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ತೊಪ್ಪೂರಿನಲ್ಲಿ ಸಾಧಾರಣ ಕಾರಿಗೆ ಮೂರನೇ ಗೇರ್, ಜನ ಮತ್ತು ಲಗೇಜ್ ತುಂಬಿದ್ದರೆ ಎರಡನೆಯದೂ ಬೇಕಾಗಬಹುದು. ಮುಖ್ಯ ವಿಷಯ, ಇಳಿಕೆ ಶುರುವಾಗುವ ಮೊದಲೇ ಸ್ಪೀಡ್ ಇಳಿಸಿ ಗೇರ್ ಇಳಿಸಬೇಕು. ಸ್ಪೀಡ್ ಹಿಡಿದ ಮೇಲೆ ಐದರಿಂದ ಒಮ್ಮೆಲೇ ಎರಡಕ್ಕೆ ಎಳೆದರೆ ಗೇರ್ ಬೀಳದಿರಬಹುದು, ಬಿದ್ದರೆ ಎಂಜಿನ್ನಿಗೆ ಪೆಟ್ಟು. ಕ್ಲಚ್ ಒತ್ತಿ ಹಿಡಿದುಕೊಂಡು ಇಳಿಯುವುದೂ ನ್ಯೂಟ್ರಲ್ಲೇ, ಇದು ಹೊಸದಾಗಿ ಲೈಸನ್ಸ್ ತೆಗೆದ ಹುಡುಗರಿಗೆ ಗೊತ್ತಿರುವುದಿಲ್ಲ. ಎಂಜಿನ್ ಸ್ವಲ್ಪ ಜೋರಾಗಿ ಕೂಗುತ್ತದೆ, ಕೂಗಲಿ ಬಿಡಿ, ಮೀಟರಿನ ಮುಳ್ಳು ಕೆಂಪು ಗೆರೆ ತಲುಪದಿದ್ದರೆ ಆಯ್ತು. ಅಷ್ಟಾದರೂ ಸ್ಪೀಡ್ ಏರಿದರೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಸ್ಪೀಡ್ ಇಳಿಸಿ, ಪೂರ್ತಿ ಬಿಡಬೇಕು. ಬಿಟ್ಟ ಹೊತ್ತಿನಲ್ಲಿ ಗಾಳಿ ತಾಗಿ ಬ್ರೇಕ್ ತಣಿಯುತ್ತದೆ. ಸದಾ ಮೆಲ್ಲಗೆ ಒತ್ತಿಕೊಂಡಿರುವುದೇ ಕೆಟ್ಟದ್ದು.

ಒಂದು ವಿಷಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಗೇರಿನ ಬಲದಲ್ಲಿ ಕಾರು ನಿಧಾನವಾದಾಗ ಹಿಂದಿನ ಕೆಂಪು ದೀಪ ಹತ್ತುವುದಿಲ್ಲ. ಹಿಂದೆ ಲಾರಿ ಇದ್ದರೆ ಬ್ರೇಕನ್ನು ಒಂದೆರಡು ಸಲ ಮುಟ್ಟಿ ದೀಪ ತೋರಿಸಿ. ಎರಡು ಲಾರಿಗಳ ಮಧ್ಯೆ ಸಿಕ್ಕಿಕೊಂಡು ಇಳಿಯುವ ಬದಲು, ಇಳಿಕೆಗೆ ಮುಂಚೆಯೇ ಅವು ಹೋಗಲು ಬಿಟ್ಟು ಹಿಂದೆ ಹೋಗುವುದು ಒಳ್ಳೆಯದು.

ಪೆಡಲ್ ಮೆತ್ತಗಾಯಿತು ಅನ್ನಿಸಿದರೆ ಪಟಪಟನೆ ಹಲವು ಸಲ ಒತ್ತಿ, ಒತ್ತಡ ಮರಳಿ ಬರಬಹುದು. ಜೊತೆಗೆ ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಬಟನ್ ಒತ್ತಿ ಹಿಡಿದೇ ಸ್ವಲ್ಪ ಸ್ವಲ್ಪ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾರಿ ಕಾರು ಅಡ್ಡ ತಿರುಗುತ್ತದೆ. ಎಂಜಿನ್ ಆಫ್ ಮಾಡಬಾರದು. ಬರೀ ವಾಸನೆ ಬಂದಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಡಿ, ಕಾದ ಡಿಸ್ಕಿಗೆ ನೀರು ಸುರಿಯಬೇಡಿ. ಇಳಿಜಾರಿನಲ್ಲಿ ಕೆಳಮುಖವಾಗಿ ನಿಲ್ಲಿಸಿದ್ದರೆ ರಿವರ್ಸ್ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.

ಸೇಲಂನಿಂದ ಯೇರ್ಕಾಡಿಗೆ ಹೋಗುವವರಿಗೆ ಬೇರೆ ಪರೀಕ್ಷೆ. ಅಲ್ಲಿ 20 ಹೇರ್‌ಪಿನ್ ತಿರುವುಗಳು, ಮೇಲೆ ಸುಮಾರು 1,500 ಮೀಟರ್ ಎತ್ತರ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ, ಮಂಜು. ರಸ್ತೆ ಒದ್ದೆಯಾದಾಗ ಗೇರ್ ಇಳಿಸುವುದರಲ್ಲೂ ನಾಜೂಕು ಬೇಕು. ಕ್ಲಚ್‌ನಿಂದ ಕಾಲು ಫಕ್ಕನೆ ಎತ್ತಿದರೆ ಎಂಜಿನ್ನಿನ ತಡೆ ಒಂದೇ ಏಟಿಗೆ ಚಕ್ರದ ಮೇಲೆ ಬಿದ್ದು ಟಯರ್ ಜಾರುತ್ತದೆ. ತಿರುವಿಗೆ ಮುಂಚೆ ನೇರ ರಸ್ತೆಯಲ್ಲೇ ಎರಡನೇ ಗೇರಿಗೆ ಬಂದು, ಕ್ಲಚ್ ನಿಧಾನ ಬಿಟ್ಟು, ತಿರುವಿನೊಳಗೆ ಬ್ರೇಕ್, ಕ್ಲಚ್ ಎರಡೂ ಮುಟ್ಟದೆ ತಿರುಗಿಸಬೇಕು. ಹತ್ತಿ ಬರುವ ವಾಹನಕ್ಕೆ ದಾರಿ ಬಿಡುವುದು ಬರೀ ಮರ್ಯಾದೆಯಲ್ಲ, ಕಾನೂನಿನಲ್ಲೇ ಇದೆ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ, ಲೋ ಬೀಮ್ ಸಾಕು.

ಈಗ ಮನಾಲಿ, ಕಾಶ್ಮೀರಕ್ಕೆ ಕಾರಿನಲ್ಲೇ ಹೊರಡುವ ಹುಡುಗರ ಗುಂಪುಗಳು ಊರೂರಲ್ಲಿವೆ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಲಾಹೌಲ್ ಕಡೆ ಹೋಗುವುದೂ ಸುಲಭವಾಗಿದೆ. ಹಿಮದ ರಸ್ತೆಗೂ ಇದೇ ಪಾಠ, ಇನ್ನಷ್ಟು ಮೆಲ್ಲಗೆ. ಹೊರಡುವಾಗ ಚಕ್ರ ಸುಮ್ಮನೆ ಸುತ್ತದಂತೆ ಎರಡನೇ ಗೇರಿನಲ್ಲಿ ಕ್ಲಚ್ ನಿಧಾನ ಬಿಡುವುದು, ಇಳಿಕೆಯಲ್ಲಿ ಸಣ್ಣ ಗೇರ್, ಮುಂದಿನ ಗಾಡಿಯಿಂದ ಬಹಳ ದೂರ. ಗಟ್ಟಿ ಮಂಜುಗಡ್ಡೆ ಇದ್ದರೆ ಟಯರಿಗೆ ಚೈನ್ ಇಲ್ಲದೆ ಯಾವ ಗೇರೂ ಉಪಯೋಗಕ್ಕೆ ಬಾರದು. ಎಬಿಎಸ್ ಇದೆ ಅನ್ನುವ ಧೈರ್ಯವೂ ಅಷ್ಟಕ್ಕಷ್ಟೆ. ಅದು ಚಕ್ರ ಲಾಕ್ ಆಗದಂತೆ, ಸ್ಟೀರಿಂಗ್ ಕೈಯಲ್ಲಿರುವಂತೆ ನೋಡಿಕೊಳ್ಳುತ್ತದೆ, ಹಿಡಿತವೇ ಇಲ್ಲದ ನೆಲದಲ್ಲಿ ಹಿಡಿತ ತಂದುಕೊಡುವುದಿಲ್ಲ.

ತೊಪ್ಪೂರಿನಲ್ಲಿ 6.6 ಕಿ.ಮೀ. ಉದ್ದಕ್ಕೆ ಎತ್ತರಿಸಿದ ರಸ್ತೆ ಕಟ್ಟುವ ಯೋಜನೆ ಮಂಜೂರಾಗಿದೆ. ಅದು ಮುಗಿಯುವ ತನಕ ಹಳೆಯ ಇಳಿಕೆಯೇ ಗತಿ. ಝಿಯಾರತ್ ಸೀಸನ್‌ಗೆ ಕಾರು ಹೊರಡಿಸುವ ಮುಂಚೆ ಗ್ಯಾರೇಜಿನಲ್ಲಿ ಪ್ಯಾಡ್ ಎಷ್ಟು ಸವೆದಿದೆ ನೋಡಿಸಿ. ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ಆಗಿದ್ದರೆ ಬದಲಿಸಿ, ಅದಕ್ಕೆ ಒಂದು ಟ್ಯಾಂಕ್ ಪೆಟ್ರೋಲಿನಷ್ಟೂ ಖರ್ಚಾಗುವುದಿಲ್ಲ. ಹೆದ್ದಾರಿಯಲ್ಲಿ ತೊಂದರೆಯಾದರೆ 1033, ಆಂಬ್ಯುಲೆನ್ಸ್‌ಗೆ 108. ಎರಡೂ ನಂಬರನ್ನು ಡ್ರೈವರ್ ಪಕ್ಕ ಕೂರುವವರ ಮೊಬೈಲಿನಲ್ಲಿ ಸೇವ್ ಮಾಡಿಡಿ.