150 ಕಿಲೋ ಇದ್ದರೆ ಯಾರೂ ಅಲುಗಾಡಿಸಲಾರರೇ? ನುಗ್ಗಿ ಬರುವವರನ್ನು ತಡೆಯುವುದರ ಹಿಂದಿನ ಲೆಕ್ಕ

ಹೆಲ್ಮೆಟ್ ಹಾಕಿದ ದೈತ್ಯ ಆಟಗಾರನೊಬ್ಬ ನಿಂತಿದ್ದಾನೆ. ಎದುರಿನಿಂದ ಹೆಚ್ಚುಕಮ್ಮಿ ಅವನಷ್ಟೇ ದೊಡ್ಡವನೊಬ್ಬ ನುಗ್ಗಿ ಬಂದು ಡಿಕ್ಕಿ ಹೊಡೆಯುತ್ತಾನೆ. ನಿಂತವನು ಕದಲುವುದಿಲ್ಲ. ಹಿಂದೆ ಡೋಲು ಸಂಗೀತ, ಕೆಳಗೆ ‘ತೂಕವೇ ಬಲ, ಮಕ್ಕಳಿಗೆ ಚೆನ್ನಾಗಿ ತಿನ್ನಿಸಿ’ ಎಂಬ ಧಾಟಿಯ ಒಂದು ಸಾಲು. ಅಮೆರಿಕನ್ ಫುಟ್‌ಬಾಲ್‌ನ ಇಂಥ ತುಣುಕು ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ಕೆಲವಕ್ಕೆ ಮೈ ಬೆಳೆಸುವ ಪುಡಿಯ ಜಾಹೀರಾತೂ ಅಂಟಿಕೊಂಡಿರುತ್ತದೆ.

ವಿಡಿಯೊ ಸುಳ್ಳಲ್ಲ. ಆ ಆಟಗಾರರು ನಿಜಕ್ಕೂ 140 ಕಿಲೋ ಆಸುಪಾಸಿನವರು. ಆದರೆ ಅದರಿಂದ ತೆಗೆದ ಅರ್ಥ ತಪ್ಪು. ಎದುರಿನಿಂದ ಬರುವವನೂ 120–130 ಕಿಲೋ ಇರುತ್ತಾನೆ, ಮೇಲಾಗಿ ಇವನಿಗಿಂತ ಚುರುಕಾಗಿರುತ್ತಾನೆ. ತೂಕವೊಂದೇ ಸಾಕಾಗಿದ್ದರೆ ಅವನನ್ನು ತಡೆಯುವುದಕ್ಕೆ ವರ್ಷಗಟ್ಟಲೆ ತರಬೇತಿ ಬೇಕಿರಲಿಲ್ಲ. ಅಲ್ಲಿ ನಡೆಯುವುದು ಹಳಿಯಾಳದ ಗರಡಿಯಲ್ಲಿ, ಜೋಯಿಡಾ–ದಾಂಡೇಲಿ ಕಡೆಯ ಹೊನಲು ಬೆಳಕಿನ ಕಬಡ್ಡಿಯಲ್ಲಿ ನಾವು ನೋಡುವ ಸಂಗತಿಯೇ.

ಐದು ಜನ, ಮೂರು ಸೆಕೆಂಡು

ಮೊದಲು ಆಟ ಅರ್ಥವಾಗಬೇಕು. ಹೆಸರು ಫುಟ್‌ಬಾಲ್ ಆದರೂ ಅಲ್ಲಿ ಚೆಂಡಿಗೆ ಕಾಲು ತಾಗುವುದು ಅಪರೂಪ. ತಂಡಕ್ಕೆ 11 ಜನ. ದಾಳಿ ಮಾಡುವ ತಂಡದಲ್ಲಿ ಚೆಂಡನ್ನು ದೂರಕ್ಕೆ ಎಸೆಯುವವನು ಒಬ್ಬ, ಅವನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ತನ್ನ ಕಡೆಯವರು ಮುಂದೆ ಓಡಿ, ಖಾಲಿ ಜಾಗ ಹುಡುಕುವವರೆಗೆ ಅವನು ಕಾಯಬೇಕು. ಎದುರಾಳಿಗಳು ಅಷ್ಟರೊಳಗೆ ನುಗ್ಗಿ ಅವನನ್ನು ಕೆಡವಲು ನೋಡುತ್ತಾರೆ. ಸಾಮಾನ್ಯವಾಗಿ ನಾಲ್ಕು ಜನ ಬರುತ್ತಾರೆ, ಕೆಲವೊಮ್ಮೆ ಐದು ಅಥವಾ ಆರು.

ಇವರ ನಡುವೆ ಗೋಡೆಯಾಗಿ ನಿಲ್ಲುವ ಐವರ ಸಾಲಿಗೆ ಅಫೆನ್ಸಿವ್ ಲೈನ್ ಎಂದು ಹೆಸರು. ನಡುವೆ ಒಬ್ಬ, ಅವನ ಎರಡೂ ಪಕ್ಕ ಇಬ್ಬಿಬ್ಬರು. ಅವರಿಗೆ ಚೆಂಡು ಸಿಗುವುದಿಲ್ಲ, ಅಂಕ ಬಂದಾಗ ಹೆಸರು ಕೂಗುವವರೂ ಇಲ್ಲ. ಸುಮಾರು ಎರಡೂವರೆ–ಮೂರು ಸೆಕೆಂಡು ದಾರಿ ಮುಚ್ಚಿಟ್ಟರೆ ಕೆಲಸ ಮುಗಿಯಿತು.

ಗಮನಿಸಿ, ಕೆಲಸ ಎದುರಾಳಿಯನ್ನು ಸೋಲಿಸುವುದಲ್ಲ, ತಡಮಾಡಿಸುವುದು. ವಿಡಿಯೊ ನೋಡಿದವರಿಗೆ ತಪ್ಪಿಹೋಗುವುದು ಇದೇ.

ಸ್ವಲ್ಪ ಲೆಕ್ಕ

120 ಕಿಲೋದ ಒಬ್ಬ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬರುತ್ತಿದ್ದಾನೆ ಎಂದುಕೊಳ್ಳಿ. ಅವನನ್ನು ಸೆಕೆಂಡಿನ ಐದನೇ ಒಂದು ಭಾಗದಲ್ಲಿ, ಅಂದರೆ ಅರ್ಧ ಮೀಟರಿನೊಳಗೆ ನಿಲ್ಲಿಸಬೇಕಾದರೆ ಸರಾಸರಿ 3000 ನ್ಯೂಟನ್ ಬಲ ಬೇಕು. ಸುಮಾರು 300 ಕಿಲೋ ಭಾರ ಮೈಮೇಲೆ ಒತ್ತಿದ ಹಾಗೆ. ಅದೇ ಮನುಷ್ಯನನ್ನು ಹಿಂದೆ ಸರಿಯುತ್ತಾ ಪೂರ್ತಿ ಒಂದು ಸೆಕೆಂಡು ತೆಗೆದುಕೊಂಡು ಎರಡೂವರೆ ಮೀಟರಿನಲ್ಲಿ ನಿಲ್ಲಿಸಿದರೆ ಬೇಕಾಗುವುದು 600 ನ್ಯೂಟನ್, ಸುಮಾರು 60 ಕಿಲೋ ಭಾರದಷ್ಟು. ಐದು ಪಟ್ಟು ಕಡಿಮೆ! (ನಿಜವಾದ ಆಟದಲ್ಲಿ ಅವನು ಡಿಕ್ಕಿಯ ಬಳಿಕವೂ ಕಾಲೊತ್ತಿ ತಳ್ಳುತ್ತಲೇ ಇರುತ್ತಾನೆ, ಹಾಗಾಗಿ ಲೆಕ್ಕ ಇಷ್ಟು ಸಲೀಸಲ್ಲ. ಆದರೆ ದಿಕ್ಕು ಇದೇ.)

ಜೋರಾಗಿ ಬಂದ ಕ್ರಿಕೆಟ್ ಚೆಂಡನ್ನು ಹಿಡಿಯುವಾಗ ನೀವು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಲ್ಲ, ಅದೇ ವಿದ್ಯೆ. ಲೈನಿನಲ್ಲಿ ಪಳಗಿದವನು ನಿಂತಲ್ಲೇ ಡಿಕ್ಕಿ ತೆಗೆದುಕೊಳ್ಳುವುದಿಲ್ಲ. ಚೆಂಡು ಹೊರಟ ಕೂಡಲೇ ಸಣ್ಣ ಸಣ್ಣ ಹೆಜ್ಜೆಯಲ್ಲಿ ಓರೆಯಾಗಿ ಹಿಂದೆ ಸರಿಯುತ್ತಾನೆ. ಜಾಗ ಕೊಟ್ಟು ಸಮಯ ಕೊಳ್ಳುತ್ತಾನೆ. ಗೋಡೆಯ ಹೋಲಿಕೆ ಇಲ್ಲಿ ಕೈಕೊಡುತ್ತದೆ. ಸ್ಪ್ರಿಂಗ್ ಅಂದರೆ ಹೆಚ್ಚು ಸರಿ.

ಸಾಲಿನ ತುದಿಯಲ್ಲಿರುವವನ ಪಾಡು ಇನ್ನೂ ಕಷ್ಟ. ಅವನೆದುರು ಬರುವವನು ಸಾಮಾನ್ಯವಾಗಿ ತಂಡದ ಅತಿ ವೇಗದ ದಾಳಿಗಾರ, ಹೊರಗಿನಿಂದ ಬಿಲ್ಲಿನಂತೆ ಬಳಸಿಕೊಂಡು ಬರುತ್ತಾನೆ. ಅವನನ್ನು ನಿಲ್ಲಿಸುವ ಹುಚ್ಚಿಗೆ ಹೋಗುವುದೇ ಇಲ್ಲ. ಪಕ್ಕದಿಂದ ತಳ್ಳುತ್ತಾ ಅವನ ಬಳಸುದಾರಿಯನ್ನು ಇನ್ನಷ್ಟು ಉದ್ದ ಮಾಡುತ್ತಾರೆ. ಅವನು ತನ್ನ ವೇಗದಲ್ಲೇ ಕ್ವಾರ್ಟರ್‌ಬ್ಯಾಕ್‌ನ ಹಿಂದಿನಿಂದ ದಾಟಿ ಹೋಗುತ್ತಾನೆ. ಮುಂಡಗೋಡ, ಹಾನಗಲ್ ಕಡೆ ಹೋರಿ ಬೆದರಿಸುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬುದ್ಧಿ ಇದ್ದವರು ಹೋರಿಗೆ ಎದುರಾಗಿ ನಿಲ್ಲುವುದಿಲ್ಲ, ಪಕ್ಕದಿಂದ ಕೈ ಹಾಕುತ್ತಾರೆ. ಅಂದ ಹಾಗೆ, ಅಮೆರಿಕದವರು ನೇರವಾಗಿ ಎದೆಗೆ ನುಗ್ಗುವ ದಾಳಿಗೆ ‘ಬುಲ್ ರಷ್’ ಎಂದೇ ಹೆಸರಿಟ್ಟಿದ್ದಾರೆ.

ತಗ್ಗಿದವನೇ ಗಟ್ಟಿ

ಈ ಬುಲ್ ರಷ್ ಬಂದಾಗ ಮಾತ್ರ ಹಿಂದೆ ಸರಿಯುತ್ತಲೇ ಇರಲಾಗುವುದಿಲ್ಲ, ಕ್ವಾರ್ಟರ್‌ಬ್ಯಾಕ್‌ನ ಕಾಲ ಮೇಲೆಯೇ ಹೋಗಿ ಬೀಳಬೇಕಾಗುತ್ತದೆ. ಆಗ ಎರಡು ಹೆಜ್ಜೆ ಬಿಟ್ಟುಕೊಟ್ಟು, ಸೊಂಟ ಇಳಿಸಿ, ಮಂಡಿ ಮಡಿಸಿ ಊರಿಕೊಳ್ಳುತ್ತಾರೆ. ಹಳಿಯಾಳ ಕುಸ್ತಿಗೆ ಹೆಸರಾದ ಊರು. ಅಲ್ಲಿ ಕ್ರೀಡಾ ಇಲಾಖೆಯ ಕುಸ್ತಿ ವಸತಿ ನಿಲಯವಿದೆ, ಸಿದ್ದಿ ಸಮುದಾಯದ ಹುಡುಗಿಯರೂ ಕಣಕ್ಕಿಳಿದು ಪದಕ ತಂದಿದ್ದಾರೆ. ಕುಸ್ತಿ ಕಣದಲ್ಲಿ ಪೈಲ್ವಾನರು ಎದುರುಬದುರಾಗಿ ನಿಲ್ಲುವ ರೀತಿಯನ್ನು ನೆನಪಿಸಿಕೊಳ್ಳಿ: ಒಂದು ಕಾಲು ಮುಂದೆ, ಸೊಂಟ ಕೆಳಗೆ, ಬೆನ್ನು ನೇರ, ತಲೆ ಮೇಲೆ. ದಂಡ, ಬೈಠಕ್ ಹೊಡೆಸುವುದು ತೋಳು ತೋರಿಸಲಿಕ್ಕಲ್ಲ, ಈ ಭಂಗಿಯಲ್ಲಿ ಉಳಿಯುವ ತಾಕತ್ತಿಗೆ.

ಇದರಲ್ಲಿ ಎರಡು ಲಾಭ. ಭಾರದ ಕೇಂದ್ರ ಕೆಳಗಿಳಿದು ಪಾದಗಳ ನಡುವಿನ ಜಾಗ ಹಿಗ್ಗಿದರೆ ಮನುಷ್ಯನನ್ನು ಉರುಳಿಸುವುದು ಕಷ್ಟ. ಮನೆಯಲ್ಲೇ ನೋಡಬಹುದು. ಕಾಲು ಜೋಡಿಸಿ ನೆಟ್ಟಗೆ ನಿಂತು ಯಾರಿಂದಾದರೂ ಭುಜವನ್ನು ಮೆಲ್ಲಗೆ ತಳ್ಳಿಸಿಕೊಳ್ಳಿ. ಆಮೇಲೆ ಒಂದು ಕಾಲು ಹಿಂದಿಟ್ಟು ಮಂಡಿ ಮಡಿಸಿ ನಿಲ್ಲಿ. ಹತ್ತು ವರ್ಷದ ಹುಡುಗ ಮೊದಲ ಸಲ ನಿಮ್ಮನ್ನು ಕದಲಿಸುತ್ತಾನೆ, ಎರಡನೇ ಸಲ ಆಗುವುದಿಲ್ಲ. ನಿಮ್ಮ ತೂಕ ಒಂದು ಗ್ರಾಮೂ ಬದಲಾಗಿಲ್ಲ.

ಎರಡನೆಯ ಲಾಭ ಅಷ್ಟು ಸುಲಭವಾಗಿ ಕಾಣುವುದಿಲ್ಲ. ತಳ್ಳಾಟದಲ್ಲಿ ಕೊನೆಗೆ ತೀರ್ಮಾನವಾಗುವುದು ಅಂಗಾಲಿನ ಹಿಡಿತದಲ್ಲಿ. ನೆಲವನ್ನು ಎಷ್ಟು ಒತ್ತುತ್ತೀರೋ ಅಷ್ಟು ಹಿಡಿತ. ಕೆಳಗಿನಿಂದ ಎದುರಾಳಿಯ ಎದೆಯನ್ನು ಮೇಲಕ್ಕೆ ಒತ್ತಿದರೆ ಅವನ ಪಾದದ ಮೇಲಿನ ಭಾರ ಇಳಿಯುತ್ತದೆ, ಆ ಭಾರ ನಿಮ್ಮ ಪಾದಕ್ಕೆ ಬರುತ್ತದೆ. ಅವನು ಜಾರುತ್ತಾನೆ, ನೀವು ಕಚ್ಚಿಕೊಳ್ಳುತ್ತೀರಿ. ಆದ್ದರಿಂದಲೇ ಲೈನಿನವರು ಎರಡೂ ಅಂಗೈಗಳನ್ನು ಎದುರಾಳಿಯ ಎದೆಗೂಡಿನ ಮೇಲೆ, ಕೆಳಗಿನಿಂದ ಮೇಲಕ್ಕೆ ಇಡಲು ಹೆಣಗುತ್ತಾರೆ. ಅಂಗಿ ಹಿಡಿದು ಎಳೆದರೆ, ತೋಳಲ್ಲಿ ತಬ್ಬಿದರೆ ಫೌಲ್. ಅವರ ವೃತ್ತಿಪರ ಲೀಗಿನಲ್ಲಿ ತಂಡ 10 ಗಜ ಹಿಂದೆ ಹೋಗಬೇಕು. ಕಬಡ್ಡಿಯಲ್ಲಿ ಹಿಡಿಯುವುದೇ ಆಟ, ಅಲ್ಲಿ ಹಿಡಿದರೆ ತಪ್ಪು. ದೊಡ್ಡ ವ್ಯತ್ಯಾಸವೆಂದರೆ ಇದೊಂದೇ.

ಸರಪಳಿ ಎಲ್ಲಿ ಕಡಿಯುತ್ತದೆ?

ಒಬ್ಬೊಬ್ಬರೂ ಎಷ್ಟೇ ಗಟ್ಟಿಯಾಗಿದ್ದರೂ ಇಬ್ಬರ ನಡುವಿನ ಸಂದು ಬಿಟ್ಟುಕೊಂಡರೆ ಮುಗಿಯಿತು. ದಾಳಿಗಾರರಿಗೆ ಅದು ಗೊತ್ತು. ಇಬ್ಬರು ಒಟ್ಟಿಗೆ ನುಗ್ಗಿ ನಡುವೆ ದಾರಿ ಅದಲುಬದಲು ಮಾಡಿಕೊಳ್ಳುತ್ತಾರೆ. ಎಡದವನು ಬಲಕ್ಕೆ, ಬಲದವನು ಎಡಕ್ಕೆ. ಲೈನಿನವನು ‘ಇವನು ನನ್ನವನು’ ಎಂದು ಅವನ ಬೆನ್ನು ಹತ್ತಿದರೆ ಹಿಂದೆ ಬಾಗಿಲು ತೆರೆದುಕೊಳ್ಳುತ್ತದೆ. ಹಾಗಾಗಿ ವ್ಯಕ್ತಿಯನ್ನಲ್ಲ, ಜಾಗವನ್ನು ಕಾಯಬೇಕು. ಬಂದವನನ್ನು ಪಕ್ಕದವನಿಗೆ ಒಪ್ಪಿಸಿ, ಹೊಸಬನನ್ನು ತಾನು ತೆಗೆದುಕೊಳ್ಳಬೇಕು. ಆಟ ಶುರುವಾಗುವ ಮುಂಚೆ ನಡುವಿನವನು ಕೂಗಿ ಹೇಳುವುದು ಇದನ್ನೇ: ಯಾರು ಎತ್ತ ವಾಲಬೇಕು, ಕೈ ಖಾಲಿ ಇದ್ದವನು ಯಾರಿಗೆ ನೆರವಾಗಬೇಕು ಎಂದು.

ಕಬಡ್ಡಿಯ ಸರಪಳಿಯೂ ಹೀಗೇ. ಮೂಲೆಯವನೂ ಅವನ ಪಕ್ಕದ ಆಟಗಾರನೂ ಕೈ ಹಿಡಿದುಕೊಂಡು ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತಾರೆ. ಯಾರೋ ಒಬ್ಬ ಅವಸರಪಟ್ಟು ಒಂಟಿಯಾಗಿ ಹಾರಿದನೋ, ರೈಡರ್‌ಗೆ ಅಂಕ ಹೋಯಿತು. ಮತ್ತೊಂದು ವಿಷಯ ಗಮನಿಸಿ. ಕಬಡ್ಡಿಯಲ್ಲಿ ತೂಕಕ್ಕೆ ಮಿತಿ ಇದೆ, ಹಿರಿಯ ಪುರುಷರಿಗೆ 85 ಕಿಲೋ, ಮಹಿಳೆಯರಿಗೆ 75, ಕಿರಿಯರಿಗೆ ಇನ್ನೂ ಕಡಿಮೆ. ಪುಡಿ ತಿನ್ನಿಸಿ ಮಗನನ್ನು 100 ಕಿಲೋ ಮಾಡಿದರೆ ಅವನು ತೂಕದ ಯಂತ್ರದ ಹತ್ತಿರವೇ ಆಟದಿಂದ ಹೊರಗೆ! ಲೇಬಲ್ಲಿಲ್ಲದ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆತಿದ್ದರಂತೂ ಬೆಳೆಯುವ ಮಕ್ಕಳ ಎಲುಬಿನ ಬೆಳವಣಿಗೆ ಬೇಗ ನಿಂತು ಎತ್ತರವೇ ಕುಂಠಿತವಾಗಬಹುದು.

ಇಷ್ಟೆಲ್ಲ ಮಾಡಿದರೂ ಎದುರಾಳಿ ತೀರಾ ಬಲವಾಗಿದ್ದರೆ ಹೊರೆಯನ್ನು ಐವರ ಮೇಲೇ ಹೊರಿಸುವುದಿಲ್ಲ. ಹಿಂದಿನ ಓಟಗಾರನೊಬ್ಬ ಹೋಗುವ ದಾರಿಯಲ್ಲಿ ದಾಳಿಗಾರನಿಗೆ ಭುಜ ಕೊಟ್ಟು ಹೋಗುತ್ತಾನೆ, ಚೆಂಡನ್ನು ಬೇಗ ಎಸೆದುಬಿಡುತ್ತಾರೆ. ಒಮ್ಮೊಮ್ಮೆ ಬೇಕೆಂದೇ ನುಗ್ಗಲು ಬಿಟ್ಟು, ಅವರ ತಲೆಯ ಮೇಲಿಂದ ಹಿಂದೆ ಖಾಲಿಯಾದ ಜಾಗಕ್ಕೆ ಚೆಂಡು ದಾಟಿಸುತ್ತಾರೆ.

ವಿಡಿಯೊ ನೋಡಿ ಮಕ್ಕಳು ಕಲಿಯುವುದು ಇದನ್ನಲ್ಲ

ಮಕ್ಕಳ ಕಣ್ಣಿಗೆ ಬೀಳುವುದು ಹೆಜ್ಜೆಯೂ ಅಲ್ಲ, ಅಂಗೈಯೂ ಅಲ್ಲ. ತಲೆ ತಗ್ಗಿಸಿ ಟಗರಿನಂತೆ ಗುದ್ದುವುದು ಮಾತ್ರ. ಶಾಲೆಯ ಬಯಲಲ್ಲಿ ಅದನ್ನೇ ಆಡುತ್ತಾರೆ. ಈ ಬರಹ ಬರೆಯಲು ನಿಜವಾದ ಕಾರಣವೂ ಅದೇ.

ನಮ್ಮ ಕುತ್ತಿಗೆ ಸಹಜವಾಗಿ ಸ್ವಲ್ಪ ಬಾಗಿದೆ. ಆ ಬಾಗು ಹೊಡೆತವನ್ನು ಹೀರಿಕೊಳ್ಳುತ್ತದೆ. ತಲೆ ತಗ್ಗಿಸಿದಾಗ ಬಾಗು ಹೋಗಿ ಕುತ್ತಿಗೆಯ ಮೂಳೆಗಳು ಕಂಬದಂತೆ ನೇರವಾಗುತ್ತವೆ. ಆ ಸ್ಥಿತಿಯಲ್ಲಿ ನೆತ್ತಿ ಡಿಕ್ಕಿಯಾದರೆ, ಹಿಂದಿನಿಂದ ಬರುವ ದೇಹದ ಭಾರ ಮತ್ತು ಎದುರಿನ ಹೊಡೆತದ ನಡುವೆ ಮೂಳೆ ನಜ್ಜಾಗಬಹುದು. ಒಳಗಿನ ಮಿದುಳುಬಳ್ಳಿಗೆ ಪೆಟ್ಟಾದರೆ ಕೈಕಾಲು ಶಾಶ್ವತವಾಗಿ ಸ್ವಾಧೀನ ತಪ್ಪಬಹುದು.

ಹೆಲ್ಮೆಟ್ ಹಾಕಿದರಾಯಿತಲ್ಲ ಎನ್ನಬೇಡಿ. ಹೆಲ್ಮೆಟ್ ತಲೆಬುರುಡೆಯನ್ನು ಕಾಯುತ್ತದೆ, ಕುತ್ತಿಗೆಯನ್ನಲ್ಲ. ಅಮೆರಿಕದಲ್ಲಿ ಗಟ್ಟಿ ಹೆಲ್ಮೆಟ್ ಬಂದ ಮೇಲೆ ಆಟಗಾರರು ತಲೆಯನ್ನೇ ಆಯುಧ ಮಾಡಿಕೊಂಡರು. 1976ರಲ್ಲಿ ಶಾಲೆ–ಕಾಲೇಜು ಮಟ್ಟದಲ್ಲಿ ನೆತ್ತಿಯಿಂದ ಗುದ್ದುವುದನ್ನು ನಿಷೇಧಿಸಲಾಯಿತು. ಆ ವರ್ಷ ಕುತ್ತಿಗೆ ಪೆಟ್ಟಿನಿಂದ ಕೈಕಾಲು ಕಳೆದುಕೊಂಡ ಆಟಗಾರರ ಸಂಖ್ಯೆ 34 ಇತ್ತು. ಮರುವರ್ಷ 18ಕ್ಕೆ, 1984ರ ಹೊತ್ತಿಗೆ 5ಕ್ಕೆ ಇಳಿಯಿತು. ಆಟಗಾರರ ತೂಕವೇನೂ ಇಳಿದಿರಲಿಲ್ಲ, ಬದಲಾದದ್ದು ತಲೆ ಇಡುವ ರೀತಿ.

ಕಬಡ್ಡಿಯಲ್ಲಿ ಡ್ಯಾಶ್ ಹೊಡೆಯುವಾಗ, ತೊಡೆ ಹಿಡಿಯಲು ಧುಮುಕುವಾಗ ಇದೇ ಅಪಾಯ. ತಲೆ ಎತ್ತಿರಬೇಕು, ಕಣ್ಣು ಎದುರಾಳಿಯ ಸೊಂಟದ ಮೇಲಿರಬೇಕು (ಕೈಕಾಲು ಮೋಸ ಮಾಡಬಹುದು, ಸೊಂಟ ಹೋದ ಕಡೆಗೇ ಮನುಷ್ಯ ಹೋಗುವುದು), ತಲೆ ಅವನ ದೇಹದ ಪಕ್ಕಕ್ಕೆ ಹೋಗಬೇಕು, ತಾಗುವುದು ಭುಜ ಆಗಬೇಕು. ನಿಮ್ಮ ಊರಿನಲ್ಲಿ ಮಕ್ಕಳಿಗೆ ಹೇಳಿಕೊಡುವವರು ಇದನ್ನು ಮೊದಲ ದಿನವೇ ಹೇಳುತ್ತಾರೋ ಕೇಳಿ ನೋಡಿ.

ಹಾಗೂ ಯಾರಾದರೂ ಕುತ್ತಿಗೆಗೆ ಪೆಟ್ಟಾಗಿ ಬಿದ್ದರೆ ಎಬ್ಬಿಸಿ ಕೂರಿಸಬೇಡಿ, ನೆಟಿಗೆ ತೆಗೆಯುತ್ತೇನೆಂದು ಕುತ್ತಿಗೆ ತಿರುಗಿಸಬೇಡಿ, ಕೈಕಾಲು ಹಿಡಿದೆತ್ತಿ ಬೈಕಿನ ನಡುವೆ ಕೂರಿಸಿಕೊಂಡು ಹೋಗಬೇಡಿ. ಕೈಕಾಲು ಜೋಮು ಹಿಡಿದಿದೆ, ಬೆರಳು ಆಡಿಸಲಾಗುತ್ತಿಲ್ಲ ಎಂದರೆ ಇನ್ನೂ ಎಚ್ಚರ. ಒಬ್ಬರು ತಲೆಯ ಹಿಂದೆ ಕುಳಿತು ಎರಡೂ ಅಂಗೈಯಿಂದ ತಲೆಯನ್ನು ಇದ್ದಂತೆಯೇ ಅಲುಗದ ಹಾಗೆ ಹಿಡಿದುಕೊಳ್ಳಲಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಆಂಬುಲೆನ್ಸ್ ಬರುವವರೆಗೂ ಆ ಕೈ ಬಿಡಬಾರದು.