ಹಳೇ ಭಯ ಯಾಕೆ ಬಿಡೋದಿಲ್ಲ?

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಪಕ್ಕದ ಬೀದರ್, ಭಾಲ್ಕಿ, ಔರಾದ್‌ಗಳಲ್ಲೂ ನೆಲ ನಡುಗಿತ್ತು. ಅಂದು ಮಕ್ಕಳಾಗಿದ್ದ ನಿಮ್ಮಲ್ಲಿ ಕೆಲವರಿಗೆ ಇಂದಿಗೂ ರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಎದೆ ಝಲ್ ಅನ್ನಬಹುದು. ಅದು ಪುಕ್ಕಲುತನ ಅಲ್ರೀ, ಮಿದುಳಿನ ರಸಾಯನಗಳ ಕೆಲಸ!

ಗಾಬರಿಯಾದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ಏರುತ್ತವೆ. ಮಿದುಳಿನಲ್ಲಿ ನಾರ್‌ಅಡ್ರಿನಲಿನ್ ಹೆಚ್ಚುತ್ತದೆ. ಆಗ ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಭಾಗವು ಆ ಹೊತ್ತಿನ ಸದ್ದು, ಕತ್ತಲೆಗಳನ್ನು ಅಪಾಯದ ಜೊತೆ ಗಂಟು ಹಾಕಿಡುತ್ತದೆ. ಒಮ್ಮೆಯ ಗಾಬರಿ ಹೀಗಾದರೆ, ದಿನದಿನದ ಒತ್ತಡ? ಅದರಿಂದ ಅಮಿಗ್ಡಲಾದ ನರಕೋಶಗಳ ಕವಲುಗಳು ಹೆಚ್ಚುತ್ತವೆ ಎಂಬುದನ್ನು ಬೆಂಗಳೂರಿನ ಎನ್‌ಸಿಬಿಎಸ್ ಮತ್ತು ನಿಮ್ಹಾನ್ಸ್ ವಿಜ್ಞಾನಿಗಳು 2002ರಲ್ಲಿ ಇಲಿಗಳಲ್ಲಿ ತೋರಿಸಿದರು.

ಹಾಗಾದರೆ ಏನು ಮಾಡೋದು? ಮರೆತುಬಿಡು ಅಂದರೆ ಭಯ ಹೋಗೋದಿಲ್ಲ. ಈಗ ಅಪಾಯವಿಲ್ಲ ಎಂಬ ಹೊಸ ಪಾಠವನ್ನು ಮಿದುಳು ಕಲಿಯಬೇಕು. ಕತ್ತಲೆಗೆ ಹೆದರುವ ಮಗುವನ್ನು ಗದರಬೇಡಿ, ಕೋಣೆಯಲ್ಲಿ ಕೂಡಿಹಾಕಲೂಬೇಡಿ. ಕೈ ಹಿಡಿದು ಕರೆದೊಯ್ದು, ಇಂದು ಒಂದು ನಿಮಿಷ, ನಾಳೆ ಎರಡು ನಿಮಿಷ ಅಲ್ಲಿ ಜೊತೆಗೆ ಕೂತು ಬನ್ನಿ. ದೊಡ್ಡವರಿಗೂ ಇದೇ ದಾರಿ. ಊಟ, ನಿದ್ದೆ ಕೆಡುವಷ್ಟು ಭಯವಿದ್ದರೆ ಸಂಕೋಚ ಬೇಡ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.